ನಂಬದವನ ಮನೆಯಲ್ಲಿ ಹನುಮಪ್ಪ

ನಮ್ಮಪ್ಪ ದೇವರನ್ನು ನಂಬುತ್ತಿರಲಿಲ್ಲ. ಆ ಒಂದೇ ಕಾರಣಕ್ಕೆ ಊರಿನವರು ಒಂದು ಮಳೆಗಾಲದಲ್ಲಿ ಹನುಮಪ್ಪನನ್ನು ತಂದು ನಮ್ಮ ಮನೆಯಲ್ಲಿಟ್ಟರು. ಇದನ್ನು ಹೇಳಿದಾಗಲೆಲ್ಲ ನನ್ನ ಮಕ್ಕಳು ಅವ್ವ ಕಥೆ ಕಟ್ಟುತ್ತಾಳೆ ಎಂದು ನಗುತ್ತಾರೆ. ನಗಲಿ. ದೇವರ ವಿಷಯದಲ್ಲಿ ನನಗಿರುವ ಅಷ್ಟಿಷ್ಟು ತಿಳಿವಳಿಕೆ ಬಂದದ್ದು ಆ ಮಳೆಗಾಲದಿಂದ ಸಂಕ್ರಾಂತಿಯವರೆಗೆ, ನಮ್ಮ ಪಡಸಾಲೆಯಲ್ಲೇ.

ಕನಕಗಿರಿಯಿಂದ ಕಾರಟಗಿ ಕಡೆ ಹೋಗುವ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು. ಅಪ್ಪ ಅಲ್ಲಿ ದನದ ದವಾಖಾನೆಯ ಕಂಪೌಂಡರ್. ದವಾಖಾನೆಗೆ ಇನ್ನೂ ಕಟ್ಟಡ ಆಗಿರಲಿಲ್ಲವಾದ್ದರಿಂದ ನಮ್ಮ ಮನೆಯ ಪಡಸಾಲೆಯೇ ದವಾಖಾನೆ. ಬಾಗಿಲು ದಾಟಿದರೆ ಎಡಕ್ಕೆ ಔಷಧದ ಕಪಾಟು, ಅದರ ಪಕ್ಕ ಅಪ್ಪನ ಮೇಜು, ಮೂಲೆಯಲ್ಲಿ ಹಾಲಿನ ಕ್ಯಾನಿಗಿಂತ ದಪ್ಪನೆಯ ಒಂದು ಕ್ಯಾನು. ಒಳ್ಳೆಯ ತಳಿಯ ಹೋರಿಗಳ ಬೀಜವನ್ನು ಅದರಲ್ಲಿ ಮಂಜಿಗಿಂತ ತಣ್ಣಗೆ ಇಟ್ಟಿರುತ್ತಿದ್ದರು. ಬೆದೆಗೆ ಬಂದ ಆಕಳನ್ನು ಯಾರಾದರೂ ಹೊಡೆದುಕೊಂಡು ಬಂದರೆ ಅಪ್ಪ ಮುಚ್ಚಳ ತೆಗೆಯುತ್ತಿದ್ದ. ಒಳಗಿನಿಂದ ಬೆಳ್ಳನೆಯ ಹೊಗೆ ಉಕ್ಕಿ ನೆಲದ ಮೇಲೆ ಹರಿಯುತ್ತಿತ್ತು. ನಮಗೆ ಮಕ್ಕಳಿಗೆ ಅದು ಥಂಡಿ ಡಬ್ಬಿ ಅಷ್ಟೇ. ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಅವ್ವನ ದೇವರ ಜಗುಲಿ. ಮದುವೆಯಾದ ಹೊಸದರಲ್ಲೇ ಅವರಿಬ್ಬರಿಗೂ ಒಂದು ಒಪ್ಪಂದ ಆಗಿತ್ತಂತೆ. ದೇವರು ಅಡುಗೆಮನೆಯ ಹೊಸ್ತಿಲು ದಾಟಿ ಹೊರಗೆ ಬರಬಾರದು. ಅಪ್ಪ ಆ ಹೊಸ್ತಿಲು ದಾಟಿ ಒಳಗೆ ಬಂದರೆ ದೇವರ ಮಾತು ಎತ್ತಬಾರದು. ಅದರಂತೆ ಅಪ್ಪ ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ, ಪುಂಡಿಪಲ್ಲೆ ಉಣ್ಣುವಷ್ಟು ಹೊತ್ತು ಮಳೆ ಬೆಳೆಯ ಮಾತೇ ಆಡುತ್ತಿದ್ದ.

ಅಪ್ಪ ಜಗಳಗಂಟ ನಾಸ್ತಿಕನಾಗಿರಲಿಲ್ಲ. ಹಬ್ಬದ ಹೋಳಿಗೆಯನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದವನು ಅವನೇ. ಗುಡಿಗೆ ಹೋಗುತ್ತಿರಲಿಲ್ಲ, ಹೋಗುವವರನ್ನು ಹಂಗಿಸುತ್ತಲೂ ಇರಲಿಲ್ಲ. ಕೇಳಿದವರಿಗೆ, ತನಗೆ ಗೊತ್ತಿಲ್ಲ, ಕಂಡಿಲ್ಲ, ಕಂಡ ದಿನ ಕೈಮುಗಿದರಾಯಿತು ಎನ್ನುತ್ತಿದ್ದ. ಎಮ್ಮೆ ಈಯುವಾಗ ಮಾತ್ರ ಚಪ್ಪಲಿಯನ್ನು ಕೊಟ್ಟಿಗೆಯ ಹೊರಗೆ ಬಿಟ್ಟು ಹೋಗುತ್ತಿದ್ದ. ಅವನ ಜೀವದ ಗೆಳೆಯ ಟೇಲರ್ ಹುಸೇನ್‌ಸಾಬ್ ಶುಕ್ರವಾರದ ನಮಾಜು ಎಂದೂ ತಪ್ಪಿಸಿದವನಲ್ಲ. ಸಂಜೆಯಾದರೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಕೂತು ದೇವರಿದ್ದಾನೋ ಇಲ್ಲವೋ ಎಂದು ವಾದಕ್ಕೆ ಬೀಳುತ್ತಿದ್ದರು. ಚಹಾ ಬಂದ ಕೂಡಲೇ ವಾದ ನಿಲ್ಲುತ್ತಿತ್ತು. ಮರುದಿನ ಬಿಟ್ಟಲ್ಲಿಂದ ಹಿಡಿಯುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಶುರು.

ಆ ವರ್ಷ ಮಳೆ ಹಿಡಿದು ಹೊಡೆಯಿತು. ಹನುಮಪ್ಪನ ಗುಡಿಯ ಹಿಂದಿನ ಗೋಡೆ ಕುಸಿದು ಮಾಳಿಗೆ ಅರ್ಧ ಕೂತಿತು. ಕಲ್ಲಿನ ಹನುಮಪ್ಪ ನಿಂತಲ್ಲೇ ನಿಂತಿದ್ದ. ಅವನ ಮೇಲೆ ತಗಡು ಹೊದಿಸಿದರು. ಆದರೆ ಪಲ್ಲಕ್ಕಿಯಲ್ಲಿ ಕೂರುವ ಹಿತ್ತಾಳೆಯ ಹನುಮಪ್ಪನನ್ನು ಬಯಲಲ್ಲಿ ಬಿಡುವಂತಿರಲಿಲ್ಲ. ಗುಡಿ ಎದ್ದು ನಿಲ್ಲುವವರೆಗೆ ಯಾರ ಮನೆಯಲ್ಲಿಡಬೇಕು? ಮೇಲಿನ ಓಣಿಯ ಶಂಕ್ರಗೌಡ ತನ್ನ ಮನೆಯಲ್ಲಿ ಎಂದ. ಕೆಳಗಿನ ಓಣಿಯ ಹಿರಿಯ ಯಮನೂರಪ್ಪ, ಗೌಡರ ಮನೆ ಹೊಕ್ಕ ದೇವರು ಹೊರಗೆ ಬರುವುದಿಲ್ಲ ಎಂದ. ಪೂಜಾರಿ ತಿಪ್ಪಣ್ಣನ ಮನೆ ಮೇಲಿನ ಓಣಿಯಲ್ಲಿದ್ದದ್ದರಿಂದ ಅದೂ ಆಗಲಿಲ್ಲ. ಮಾತು ಬೆಳೆದು ಕೆರೆಯವರೆಗೆ ಹೋಯಿತು. ಮೇಲಿನ ಓಣಿಯವರು ಕೆರೆಯ ದಾರಿಗೆ ಮುಳ್ಳು ಹಚ್ಚಿದರು. ಮಳೆ ಬಿಟ್ಟ ದಿನಗಳಲ್ಲಿ ಕೆಳಗಿನ ಓಣಿಯ ದನಗಳು ನೀರು ಕಾಣುತ್ತ ನೀರಡಿಸಿ ನಿಂತವು. ಹುಸೇನ್‌ಸಾಬ್ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ:

“ನಮ್ಮ ದೇವರಿಗೆ ಮಖ ಇಲ್ಲ, ಮನಿ ಇಲ್ಲ. ಎಲ್ಲಿಡಬೇಕಂತ ಜಗಳ ಮಾಡಾಕ ಜಾಗಾನ ಇಲ್ಲ ನೋಡು.”

ಕೊನೆಗೆ ಬೇವಿನ ಮರದ ಕೆಳಗೆ ಸಭೆ ಕೂತಿತು. ನಾನು ಅಪ್ಪನ ಬೆನ್ನಿಗೆ ಒರಗಿ ಕೂತಿದ್ದೆ. ಬಹಳ ಹೊತ್ತು ಒಬ್ಬರ ಮೇಲೊಬ್ಬರು ಕೂಗಾಡಿ ಸುಸ್ತಾದ ಮೇಲೆ ಯಮನೂರಪ್ಪ ಕೋಲೆತ್ತಿ ಅಪ್ಪನನ್ನು ತೋರಿಸಿದ.

“ನಂಬಿದವರ ಮನ್ಯಾಗ ಇಟ್ರ ದೇವರು ನಮ್ಮಾವ ಅಂತಾರ. ಕಂಪೌಂಡ್ರು ಅನ್ನಂಗಿಲ್ಲ. ಅವರಿಗೆ ದೇವರ ಬ್ಯಾಡಾಗ್ಯಾನ. ಅಲ್ಲಿ ಇಡ್ರಿ.”

ಇಷ್ಟು ಸರಳ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಕೈ ಅಡ್ಡ ಆಡಿಸಿದ. ತನಗೆ ಪೂಜೆ ಬರುವುದಿಲ್ಲ, ಮನೆಯ ತುಂಬ ಔಷಧದ ವಾಸನೆ, ದೇವರಿಗೆ ಒಗ್ಗುವುದಿಲ್ಲ ಎಂದ. ಆಗ ಯಾರೋ ಮತ್ತೆ ಕೆರೆಯ ಮಾತು ತೆಗೆದರು. ನೀರಡಿಸಿದ ದನಗಳ ನೆನಪಾಗಿ ಅಪ್ಪನ ಬೆನ್ನು ಸೆಟೆದದ್ದು ನನಗೆ ಗೊತ್ತಾಯಿತು. ಮುಳ್ಳು ತೆಗೆದರೆ ಇಟ್ಟುಕೊಳ್ಳುತ್ತೇನೆ ಎಂದ. ಶಂಕ್ರಗೌಡ ಒಪ್ಪಿದ, ಆದರೆ ಕೆಳಗಿನ ಓಣಿಗೆ ದೇವರನ್ನು ಬಿಟ್ಟುಕೊಡುವುದಿಲ್ಲವೆಂದು ಹನುಮಪ್ಪನ ಮೇಲೆ ಆಣೆ ಮಾಡಬೇಕೆಂದ. ಅಲ್ಲಿಗೆ ಹೊಸ ತೊಡಕು ಎದ್ದಿತು. ದೇವರನ್ನು ನಂಬದವನಿಗೆ ದೇವರ ಆಣೆ ಹತ್ತುತ್ತದೆಯೇ? ಹತ್ತುವುದಿಲ್ಲ ಎಂದು ಯಮನೂರಪ್ಪ. ಹಾಗಾದರೆ ಯಾವುದರ ಮೇಲೆ? ಮಕ್ಕಳ ಮೇಲೆ ಎಂದರು ಕೆಲವರು, ನಾನು ಗಾಬರಿಯಾದೆ. ಪಗಾರದ ಮೇಲೆ ಎಂದ ಒಬ್ಬ. ಅನ್ನದ ಮೇಲೆ ಎಂದ ಇನ್ನೊಬ್ಬ; ಜೋಳದ ರೊಟ್ಟಿ ಉಣ್ಣುವವನಿಗೆ ಅನ್ನದ ಆಣೆ ನಡೆಯುತ್ತದೆಯೇ ಎಂದು ಮತ್ತೊಬ್ಬ. ಆಗ ಅಪ್ಪ ಎದ್ದು ನಿಂತು ಮೆಲ್ಲಗೆ ಕೇಳಿದ:

“ಗೌಡ್ರ, ಹೋದ ವಾರ ನಿಮ್ಮ ಎಮ್ಮಿ ಹೊಟ್ಟ್ಯಾಗ ಕರ ಅಡ್ಡ ತಿರುಗಿತ್ತು. ನಾ ಕೈ ಹಾಕೂಕಿಂತ ಮೊದಲ ನನ್ನ ಕಡೆ ಆಣಿ ಮಾಡಿಸಿದ್ರೇನು?”

ಗೌಡ ಮೀಸೆ ಸವರಿದ. ಇಲ್ಲ ಎಂದ. ಇದನ್ನೂ ಹಾಗೆಯೇ ತಿಳಿಯಿರಿ ಎಂದು ಅಪ್ಪ ಕೂತ. ಹುಸೇನ್‌ಸಾಬ್ ಇದು ಅಮಾನತ್ತು, ನಂಬಿ ಒಪ್ಪಿಸಿದ ವಸ್ತು, ಇವನ ಕೈಯಲ್ಲಿ ಕೆಡುವುದಿಲ್ಲ ಎಂದು ಒಂದು ಮಾತು ಸೇರಿಸಿದ. ಸಂಜೆಯ ಹೊತ್ತಿಗೆ ಡೊಳ್ಳು ಬಾರಿಸುತ್ತ ಹನುಮಪ್ಪ ನಮ್ಮ ಮನೆಗೆ ಬಂದ.

ಅವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಇಷ್ಟು ವರ್ಷ ಭರಣಿಗಳ ಪಕ್ಕ ಮುದುಡಿ ಕೂತಿದ್ದ ಅವಳ ಭಕ್ತಿಗೆ ಊರ ದೇವರೇ ಮನೆ ಹುಡುಕಿಕೊಂಡು ಬಂದಿದ್ದ. ಆದರೆ ಪ್ರಭಾವಳಿ ಸಮೇತ ಹನುಮಪ್ಪ ಜಗುಲಿಯ ಗೂಡಿನೊಳಗೆ ಹಿಡಿಸಲಿಲ್ಲ. ಅವನಿಗೆ ತಕ್ಕ ಜಾಗ ಮನೆಯಲ್ಲಿ ಒಂದೇ, ಅಪ್ಪನ ಮೇಜು. ಸೂಜಿ, ಸೀಸೆ, ಮುಲಾಮುಗಳೆಲ್ಲ ನಡುಮನೆಯ ಮಂಚದ ಕೆಳಗೆ ಹೋದವು. ಥಂಡಿ ಡಬ್ಬಿ ಮಾತ್ರ ಹೋಗಲಿಲ್ಲ. ಗಾಳಿಯಾಡುವ ನೆರಳಿನ ಮೂಲೆ ಅದೊಂದೇ. ಅವ್ವ ಅದನ್ನು ನೋಡಿ ನಿಂತಳು.

“ಆತ ಬ್ರಹ್ಮಚಾರಿ. ಆತನ ಮಗ್ಗಲಕ ಈ ಡಬ್ಬಿ ಇಟ್ಟು ಹೆಂಗ ಪೂಜಿ ಮಾಡ್ಲಿ?”

“ಇದರಾಗಿನ ಹೋರಿಗೋಳೂ ಬ್ರಹ್ಮಚಾರಿನ,” ಎಂದ ಅಪ್ಪ. “ಆಕಳ ಮಖಾನ ನೋಡಿಲ್ಲ ಅವು.”

ಈ ಮಾತಿನ ಅರ್ಥ ನನಗಾದದ್ದು ಎಷ್ಟೋ ವರ್ಷಗಳ ಮೇಲೆ. ಆವತ್ತು ಮಾತ್ರ ಅವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು, ಸಿಟ್ಟಿನಿಂದಲೋ ನಗುವಿನಿಂದಲೋ ತಿಳಿಯಲಿಲ್ಲ. ಹುಸೇನ್‌ಸಾಬ್ ಶಾಲೆಯ ಯೂನಿಫಾರ್ಮಿಗೆ ತಂದ ನೀಲಿ ಬಟ್ಟೆಯಲ್ಲಿ ಉಳಿದದ್ದನ್ನು ಹೊಲಿದು ಪರದೆ ಮಾಡಿಕೊಟ್ಟ. ಪರದೆಯ ಈಚೆ ಹನುಮಪ್ಪ, ಆಚೆ ಹೋರಿಗಳು.

ಮರುದಿನದಿಂದ ನಮ್ಮ ಬಾಗಿಲಲ್ಲಿ ಎರಡು ಸಾಲು. ಔಷಧಕ್ಕೆ ಬಂದವರು ಹೇಗೂ ಬಂದಿದ್ದೇವೆ ಎಂದು ದೇವರಿಗೆ ಅಡ್ಡಬಿದ್ದರು; ದೇವರಿಗೆ ಬಂದವರು ಹೇಗೂ ಬಂದಿದ್ದೇವೆ ಎಂದು ಆಕಳ ಕೆಚ್ಚಲಿನ ಬಾವು ಹೇಳಿಕೊಂಡರು. ಬಂದವರೆಲ್ಲ ತೆಂಗಿನಕಾಯಿ ಒಡೆಸಿ ಒಂದು ಹೋಳು ನಮಗೆ ಬಿಟ್ಟರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತಿಂದು ಬೆಳೆದ ನಾವು ಮುಂಜಾನೆ ಕೊಬ್ಬರಿ ಚಟ್ನಿ, ಮಧ್ಯಾಹ್ನ ಕೊಬ್ಬರಿ ಪಲ್ಯ, ಸಂಜೆ ಕೊಬ್ಬರಿ ಬೆಲ್ಲ ತಿಂದು ಕಾಯಿ ಒಡೆಯುವ ಸದ್ದಿಗೇ ಓಡತೊಡಗಿದೆವು. ಭಾನುವಾರದ ಮಾಂಸ, ತತ್ತಿ ಎಲ್ಲ ಬಂದ್. ಅಪ್ಪ ಭಾನುವಾರ ಮಧ್ಯಾಹ್ನ ಅಂಗಿಯ ಅಳತೆ ಕೊಡುವ ನೆವದಲ್ಲಿ ಹುಸೇನ್‌ಸಾಬನ ಮನೆಗೆ ಹೋಗಿಬರುತ್ತಿದ್ದ. ಇಷ್ಟು ಅಳತೆ ಕೊಟ್ಟರೂ ಒಂದಾದರೂ ಅಂಗಿ ಬರಲಿಲ್ಲವಲ್ಲ ಎಂದು ಅವ್ವ ಒಮ್ಮೆ ಕೇಳಿದಳು, ಅಷ್ಟೇ. ದೇವರ ಕಡೆ ಕಾಲು ಚಾಚಿ ಮಲಗುವಂತಿಲ್ಲ, ದೇವರಿಗೆ ಕೇಳುವಂತೆ ಜಗಳವಾಡುವಂತಿಲ್ಲ. ಹೀಗಾಗಿ ಅವ್ವ ಅಪ್ಪನ ಜಗಳವೆಲ್ಲ ಹಿತ್ತಲಿಗೆ ಹೋಯಿತು. ಮೊದಲು ಮನೆಯೊಳಗೇ ಮುಗಿಯುತ್ತಿದ್ದದ್ದು ಈಗ ನೆರೆಹೊರೆಗೆಲ್ಲ ಕೇಳುವಂತಾಯಿತು.

ಹಿತ್ತಲಿನ ಮೋಟು ಗೋಡೆಯ ಆಚೆ ಪದ್ಮಕ್ಕನ ಮನೆ. ಅವಳ ಗಂಡನದು ಕಿರಾಣಿ ಅಂಗಡಿ. ಊರಿಗೆ ಅದೊಂದೇ ಜೈನರ ಮನೆ. ಹೊತ್ತು ಮುಳುಗುವ ಮೊದಲೇ ಉಂಡು, ಸೋಸಿದ ನೀರು ಕುಡಿದು, ಇರುವೆಗೂ ದಾರಿ ಬಿಟ್ಟು ನಡೆಯುವ ಪದ್ಮಕ್ಕನನ್ನು ಕಂಡರೆ ಅವ್ವನಿಗೆ ಭಕ್ತಿ. ಅವ್ವನ ಉತ್ಸಾಹ ಅಷ್ಟರಲ್ಲಾಗಲೇ ಇಳಿಯುತ್ತ ಬಂದಿತ್ತು. ನಸುಕಿನಲ್ಲಿ ಎದ್ದು ತಲೆಮೇಲೆ ನೀರು ಹಾಕಿಕೊಂಡು ಪಡಸಾಲೆ ಸಾರಿಸಬೇಕು, ದೇವರ ಸ್ನಾನಕ್ಕೆ ಮಡಿನೀರು ತರಬೇಕು, ಪೂಜೆಗೆ ಬಂದ ತಿಪ್ಪಣ್ಣನಿಗೆ ಮೊದಲೊಮ್ಮೆ ಆಮೇಲೊಮ್ಮೆ ಚಹಾ ಆಗಬೇಕು. ಮೊಣಕಾಲು ನೋವು ಕಡಿಮೆ ಮಾಡು ಎಂದು ಅವಳು ಹನುಮಪ್ಪನಲ್ಲಿ ದಿನಾ ಕೇಳುತ್ತಿದ್ದಳು; ಹನುಮಪ್ಪನ ಸೇವೆಯಿಂದಲೇ ಅದು ಹೆಚ್ಚಾಗುತ್ತಿತ್ತು. ಒಂದು ಸಂಜೆ ಗೋಡೆಗೆ ಒರಗಿ ಅವಳು ಪದ್ಮಕ್ಕನನ್ನು ಕೇಳಿದಳು, ನೀವು ಏನು ಬೇಡಿಕೊಳ್ಳುತ್ತೀರಿ ಎಂದು. ಪದ್ಮಕ್ಕ, ತಮ್ಮಲ್ಲಿ ಜಗತ್ತು ಮಾಡಿದ ದೇವರು ಅಂತ ಯಾರೂ ಇಲ್ಲ, ಅದು ಮೊದಲಿನಿಂದ ಇದ್ದೇ ಇದೆ ಎಂದಳು. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಹಾಗಾದರೆ ಇಷ್ಟೊಂದು ನೇಮ, ಉಪವಾಸ ಯಾರಿಗಾಗಿ?

“ನಮ್ಮಷ್ಟಕ್ಕ ನಾವು ಛಲೋ ಆಗಾಕ, ಗಿರಿಜವ್ವ. ತೀರ್ಥಂಕರರು ಗೆದ್ದವರು. ಅವರು ಕೊಡಂಗೂ ಇಲ್ಲ, ಕಸಗೊಳ್ಳಂಗೂ ಇಲ್ಲ. ಅವರಂಗ ಆಗಬೇಕಂತ ಕೈ ಮುಗಿತೀವಿ.”

ಅವ್ವ ಮೊರ ಮತ್ತೆ ಕೈಗೆತ್ತಿಕೊಂಡಳು.

“ಕೇಳಂಗಿಲ್ಲ, ಕೊಡಂಗಿಲ್ಲ, ಸುಮ್ನ ಕುಂತಿರ್ತಾರ. ಅಂಥಾವ್ರು ನಮ್ಮ ಪಡಸಾಲ್ಯಾಗೂ ಅದಾರ ಬಿಡು.”

ಹಾಗಂದು ಅವಳು ಒಳಗೆ ನೋಡಿದಳು. ಪಡಸಾಲೆಯಲ್ಲಿ ಆಗ ಹನುಮಪ್ಪನೂ ಇದ್ದ, ಅಪ್ಪನೂ ಇದ್ದ.

ಇಷ್ಟರಲ್ಲಿ ಒಂದು ಶನಿವಾರ ಮಂಗಳಾರತಿ ನಡೆದಿತ್ತು. ಪಡಸಾಲೆಯ ತುಂಬ ಹೆಣ್ಣುಮಕ್ಕಳು. ಹಿತ್ತಲಲ್ಲಿ ಒಬ್ಬ ರೈತ ಆಕಳು ಹಿಡಿದು ಅವಸರ ಮಾಡುತ್ತಿದ್ದ. ಅಪ್ಪ ಪರದೆಯ ಹಿಂದೆ ನುಸುಳಿ ಡಬ್ಬಿಯ ಮುಚ್ಚಳ ತೆಗೆದ. ಬೆಳ್ಳನೆಯ ಹೊಗೆ ಪರದೆಯ ಕೆಳಗಿಂದ ತಣ್ಣಗೆ ಹರಿದು ಬಂದು ಹನುಮಪ್ಪನ ಮೇಜಿನ ಸುತ್ತ ತುಂಬಿಕೊಂಡಿತು. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಹಾಗೇ ನೆಲಕ್ಕೆ ಬಿದ್ದು ಕೈಮುಗಿದಳು, ಉಳಿದವರೂ ಬಿದ್ದರು. ಅಪ್ಪ ಹೊರಗೆ ಬಂದು ಇದು ಇಂಥ ಗ್ಯಾಸು, ಇಂಥದ್ದಕ್ಕೆ ಬೇಕಾಗುತ್ತದೆ ಎಂದು ಸಂಕೋಚಪಡುತ್ತಲೇ ಬಿಡಿಸಿ ಹೇಳಿದ. ಯಾರೂ ನಂಬಲಿಲ್ಲ. ದೇವರು ತೋರಿಸಿದ್ದನ್ನು ಕಂಪೌಂಡರ್ ಮುಚ್ಚಿಡುತ್ತಿದ್ದಾರೆ, ದೊಡ್ಡ ಮನುಷ್ಯ ಎಂದು ಅವನ ಕಾಲಿಗೂ ಬಿದ್ದರು.

ಅದರ ಹಿಂದೆಯೇ ಇನ್ನೊಂದು ಒದಗಿತು. ತಿಪ್ಪಣ್ಣ ಜ್ವರ ಬಂದು ಮಲಗಿದ. ಅದೇ ಹೊತ್ತಿಗೆ ಅವ್ವ ಮುಟ್ಟಾಗಿ ಹೊರಗೆ ಕೂತಿದ್ದಳು. ಬೇರೆ ಯಾರನ್ನು ಕರೆದರೂ ಯಾವ ಓಣಿಯವರು ಎಂಬ ತಕರಾರು. ದೇವರಿಗೆ ದೀಪವಿಲ್ಲ ಎಂದು ಅವ್ವ ಹಿತ್ತಲಲ್ಲಿ ಕೂತು ಕಣ್ಣೀರು ಹಾಕುವುದನ್ನು ನೋಡಲಾರದೆ ಅಪ್ಪ ಸ್ನಾನ ಮಾಡಿ ಬಂದ. ಅವ್ವ ಹಿತ್ತಲಿಂದ ಹೇಳುವುದು, ನಾನು ನಡುಮನೆಯಲ್ಲಿ ನಿಂತು ದಾಟಿಸುವುದು, ಅಪ್ಪ ಪಡಸಾಲೆಯಲ್ಲಿ ಮಾಡುವುದು. ಹನುಮಪ್ಪನನ್ನು ಅವನು ಹುಟ್ಟಿದ ಕರುವನ್ನು ಒರೆಸುವಷ್ಟು ಮೆತ್ತಗೆ ಒರೆಸಿದ. ಕಿವಿಯ ಸಂದಿಯಲ್ಲಿ ಸೇರಿದ್ದ ಹಳೆಯ ಎಣ್ಣೆಯ ಜಿಡ್ಡನ್ನು ಹತ್ತಿಯಿಂದ ತೆಗೆದ. ಅಷ್ಟರಲ್ಲಿ ಶಂಕ್ರಗೌಡ ಒಳಗೆ ಬಂದು ಕಣ್ಣುಮುಚ್ಚಿ ಕೈಮುಗಿದು ನಿಂತುಬಿಟ್ಟ. ಮಂತ್ರ ಕೇಳದೆ ಅವನು ಕದಲುವಂತಿರಲಿಲ್ಲ. ಅಪ್ಪ ನನ್ನ ಕಡೆ ನೋಡಿದ, ನಾನು ಹಿತ್ತಲ ಕಡೆ ನೋಡಿದೆ. ಆಮೇಲೆ ಅಪ್ಪ ತಗ್ಗಿದ ದನಿಯಲ್ಲಿ, ತನಗೆ ಬಾಯಿಪಾಠವಿದ್ದ ಒಂದನ್ನೇ ಶುರು ಮಾಡಿದ. ಹೊಟ್ಟೆಯುಬ್ಬರಕ್ಕೆ ಯಾವ ಔಷಧ, ದೊಡ್ಡ ದನಕ್ಕೆಷ್ಟು, ಕರುವಿಗೆಷ್ಟು, ಗಬ್ಬದ ಆಕಳಿಗೆ ಏನು ಕೊಡಬಾರದು. ಇಂಗ್ಲಿಷ್ ಹೆಸರುಗಳು ಗಂಟೆಯ ಸದ್ದಿನಲ್ಲಿ ಗಂಭೀರವಾಗಿ ಉರುಳಿದವು. ಗೌಡ ಕಣ್ಣೊರೆಸಿಕೊಂಡು, ತೀರ್ಥ ಕುಡಿದು ಹೋದ. ತಿಪ್ಪಣ್ಣನಿಗೂ ಬಾರದ ಮಂತ್ರಗಳು ಕಂಪೌಂಡರಿಗೆ ಬರುತ್ತವೆ ಎಂದು ಊರೆಲ್ಲ ಹೇಳಿದ.

ಸುದ್ದಿ ಕೆಳಗಿನ ಓಣಿಗೆ ಮುಟ್ಟಿದಾಗ ಅಲ್ಲಿ ಗಾಬರಿ ಹುಟ್ಟಿತು. ಹೊಗೆಯ ಪವಾಡ ಆಯಿತು, ಈಗ ಮಂತ್ರ. ಕಂಪೌಂಡರ್ ನಂಬತೊಡಗಿದ್ದಾರೆ. ನಂಬಿದರೆ ಹನುಮಪ್ಪ ನಮ್ಮವನು ಅನ್ನುತ್ತಾರೆ. ಅಥವಾ ಗೌಡನ ಕಡೆ ವಾಲುತ್ತಾರೆ. ಮರುದಿನ ಮುಂಜಾನೆ ಯಮನೂರಪ್ಪ ತನ್ನ ಓಣಿಯನ್ನೇ ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಅದನ್ನು ಕಂಡು ಗೌಡನೂ ತನ್ನವರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಕೋಲುಗಳಿದ್ದವು. ಯಮನೂರಪ್ಪ ಮುಂದೆ ಬಂದು ಕೇಳಿದ.

“ನೀವು ನಂಬೂದಿಲ್ಲ ಅಂತ ನಂಬಿ ದೇವರ ಕೊಟ್ಟೀವಿ, ಕಂಪೌಂಡ್ರ. ಈಗ ಖರೆ ಹೇಳ್ರಿ, ನಂಬೀರೋ ಇಲ್ಲೋ?”

ಅಪ್ಪನ ಮುಖದಲ್ಲಿ ಅಂಥ ಕಷ್ಟವನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ನಿಜ ಹೇಳಿದರೆ ಗೌಡನಿಗೆ ನೋವು, ಹೇಳದಿದ್ದರೆ ಮೋಸ. ಅವನು ಗೌಡನ ಕಡೆ ತಿರುಗಿ, ತಾನು ನಿನ್ನೆ ಹೇಳಿದ್ದು ಮಂತ್ರವಲ್ಲ, ಹೊಟ್ಟೆಯುಬ್ಬರದ ಔಷಧದ ಲೆಕ್ಕ ಎಂದು ಒಪ್ಪಿಕೊಂಡ. ಶಂಕ್ರಗೌಡ ತಲೆಯ ರುಮಾಲು ಸರಿಮಾಡಿಕೊಂಡ.

“ಏನರ ಇರ್ಲಿ,” ಎಂದ. “ನನಗ ಸಮಾಧಾನ ಆಗಿತ್ತು.”

ಮೊದಲು ನಕ್ಕದ್ದು ಹುಸೇನ್‌ಸಾಬ್. ಆಮೇಲೆ ಯಮನೂರಪ್ಪ ನಕ್ಕ, ಆಮೇಲೆ ಗೌಡನೇ ನಕ್ಕ. ಆದರೂ ಕೋಲುಗಳು ಕೈಯಲ್ಲೇ ಇದ್ದವು. 'ಹಂಗಾರ ಮುಂದೇನು' ಎಂದು ಯಾರೋ ಮತ್ತೆ ಕೆದಕಿದರು. ಆಗ ಅವ್ವ ಹಿತ್ತಲ ಕಡೆಯಿಂದ ಮನೆ ಸುತ್ತಿ ಅಂಗಳಕ್ಕೆ ಬಂದಳು. ಗಂಡಸರ ಸಭೆಯಲ್ಲಿ ಅವಳು ಮಾತಾಡಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

“ಇವರು ನಂಬ್ಯಾರೋ ಬಿಟ್ಟಾರೋ ಆಮ್ಯಾಲ ಫೈಸಲಾ ಮಾಡ್ರಿ. ನೀರು ಹೊತ್ತಾಕಿ ನಾನು. ನಾಳಿಂದ ಎರಡೂ ಓಣಿ ಹೆಣ್ಮಕ್ಕಳು ಬಂದು ನೀರು ತರ್ಲಿ, ಪಡಸಾಲಿ ಸಾರಸ್ಲಿ, ಪೂಜಾರಿಗೆ ಚಾ ಕಾಸ್ಲಿ. ಇಲ್ಲಂದ್ರ ಹನುಮಪ್ಪನ್ನ ಗುಡಿ ಬಯಲಾಗ ಇಟ್ಟು ಬರ್ತೀನಿ. ಗುಡ್ಡಾ ಹೊತ್ತಾವ, ಮಳಿಗೆ ಅಂಜಂಗಿಲ್ಲ.”

ಗಂಡಸರು ಒಪ್ಪಿದರು, ಹೆಣ್ಣುಮಕ್ಕಳ ಕೆಲಸ ತಾನೆ ಎಂದುಕೊಂಡರು. ಮರುದಿನ ನಸುಕಿನಲ್ಲಿ ಎರಡೂ ಓಣಿಯ ಹೆಂಗಸರು ಕೊಡ ಹೊತ್ತು ಬಂದರು. ಮೊದಲೆರಡು ದಿನ ಬೇರೆಬೇರೆ ಗೋಡೆಗೆ ಒರಗಿ ಕೂತರು. ಆಮೇಲೆ ಒಬ್ಬಳ ಸೊಸೆಯ ಬಾಣಂತನ, ಇನ್ನೊಬ್ಬಳ ಮೈದುನನ ಕುಡಿತ, ಗೌಡನ ಹೆಂಡತಿ ತಂದ ಹುರಿಗಡಲೆ. ಹೊತ್ತು ಏರಿದರೂ ಯಾರೂ ಏಳುತ್ತಿರಲಿಲ್ಲ. ಊರಿನ ಗಂಡಸರಿಗೆಲ್ಲ ಮುಂಜಾನೆಯ ರೊಟ್ಟಿ ಮಧ್ಯಾಹ್ನಕ್ಕೆ ಸಿಗತೊಡಗಿತು. ಅಲ್ಲಿಯವರೆಗೆ ಕಲ್ಲು ಮೊದಲು ಯಾವ ಓಣಿ ತರಬೇಕು ಎಂದು ನಿಂತಿದ್ದ ಗುಡಿಯ ಕೆಲಸಕ್ಕೆ ಒಂದೇ ದಿನ ಎರಡೂ ಕಡೆಯ ಬಂಡಿಗಳು ಕಲ್ಲು ತಂದು ಸುರಿದವು. ಹಸಿದ ಮನುಷ್ಯ ಎಷ್ಟು ಬೇಗ ಗೋಡೆ ಕಟ್ಟಬಲ್ಲ ಎಂದು ನಾನು ಆಗ ನೋಡಿದೆ.

ಗುಡಿ ಎದ್ದು ನಿಂತು, ಸಂಕ್ರಾಂತಿಯ ಹೊತ್ತಿಗೆ ಹನುಮಪ್ಪ ಹೊರಟ. ಹೆಂಗಸರು ಅತ್ತರು, ದೇವರು ಹೋಗುವುದಕ್ಕಿಂತ ಪಡಸಾಲೆ ತಪ್ಪುವುದಕ್ಕೆ. ಜ್ವರದಿಂದ ಎದ್ದು ಸೊರಗಿದ್ದ ತಿಪ್ಪಣ್ಣ ಬಾಗಿಲಲ್ಲಿ ಎಲ್ಲರಿಗೂ ತೀರ್ಥ ಕೊಡುತ್ತ ಬಂದು ಅಪ್ಪನ ಮುಂದೆ ಅನುಮಾನಿಸಿ ನಿಂತ. ಅಪ್ಪ ಕೈ ಚಾಚಿ ಇಸಿದುಕೊಂಡು ಕುಡಿದ. ಅವನು ನಂಬಿದನೇ ಎಂದು ಯಾರೂ ಕೇಳಲಿಲ್ಲ. ಅವ್ವ ಶನಿವಾರದ ಉಪವಾಸ ಬಿಡಲಿಲ್ಲ; ಆದರೆ ಬೇಡುವುದನ್ನು ಬಿಟ್ಟಳು. ಜಗುಲಿಯ ಮುಂದೆ ದೀಪ ಹಚ್ಚಿ ಸ್ವಲ್ಪ ಹೊತ್ತು ಕೂತು, ಕಷ್ಟಸುಖ ಗೊತ್ತಿದ್ದ ಹಳೆಯ ಬೀಗರನ್ನು ಕಂಡಂತೆ ತಲೆಯಾಡಿಸಿ ಏಳುತ್ತಿದ್ದಳು. ಮೊಣಕಾಲಿಗೆ ಅಪ್ಪ ಎತ್ತಿಗೆ ಹಚ್ಚುವ ಎಣ್ಣೆ ಕೊಟ್ಟ. ಗುಣವಾಯಿತು. ಅದನ್ನು ಅವನು ಒಮ್ಮೆಯೂ ಎತ್ತಿ ಆಡಲಿಲ್ಲ, ಅಡುಗೆಮನೆಯೊಳಗಂತೂ ಇಲ್ಲವೇ ಇಲ್ಲ. ಇವರಿಬ್ಬರ ನಡುವೆ ಬೆಳೆದ ನನಗೆ, ದೇವರಿದ್ದಾನೆಯೇ ಎಂದು ಕೇಳುವವರಿಗಿಂತ ನೀರು ಯಾರು ಹೊತ್ತರು ಎಂದು ಕೇಳುವವರೇ ಇವತ್ತಿಗೂ ಹೆಚ್ಚು ಧಾರ್ಮಿಕರಾಗಿ ಕಾಣುತ್ತಾರೆ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಹುಸೇನ್‌ಸಾಬ್ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆ ಇಬ್ಬರು ಅಣ್ಣತಮ್ಮಂದಿರು, ನಡುವೆ ಒಂದು ಉದ್ದನೆಯ ಕಟ್ಟಿಗೆಯ ಪೆಟ್ಟಿಗೆ. ಮೊಹರಮ್ಮಿನಲ್ಲಿ ಊರೆಲ್ಲ ಸೇರಿ ಹೊರುವ ಅಲಾಯಿ ದೇವರ ಪಂಜಾಗಳು, ಅಂದರೆ ಲೋಹದ ಹಸ್ತಗಳು, ಅದರಲ್ಲಿದ್ದವು. ಪೆಟ್ಟಿಗೆ ಇಡುತ್ತಿದ್ದ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಯಾರ ಪಾಲಿನಲ್ಲಿ ಇರಬೇಕೆಂದು ಜಗಳ ಹತ್ತಿತ್ತು. ಹುಸೇನ್‌ಸಾಬ್ ಅಪ್ಪನ ಮುಖ ನೋಡದೆ ನೆಲ ನೋಡುತ್ತ ಇದನ್ನೆಲ್ಲ ಹೇಳಿದ. ತಾನು ಇದನ್ನೂ ನಂಬುವುದಿಲ್ಲ ಎಂದು ಅಪ್ಪ ನೆನಪಿಸಿದ. ಅದಕ್ಕೇ ಬಂದದ್ದು ಎಂದ ಹುಸೇನ್‌ಸಾಬ್. ಅಪ್ಪ ಒಳಗೆ ತಿರುಗಿ ನೋಡಿದ. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದಳು.

“ಇವರಿಗೆ ದಿನಾ ಸ್ನಾನ ಐತೇನ್ರಿ?”

“ಇಲ್ರಿ ಅಕ್ಕಾರ,” ಎಂದ ಹುಸೇನ್‌ಸಾಬ್. “ವರ್ಷಕ್ಕೊಮ್ಮಿ ತೊಳಿತೀವಿ. ಅದೂ ನಾವ ಬಂದು ತೊಳಿತೀವಿ.”

ಅವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.